ಬೇಸ್ ಗಿಟಾರಿನ ದನಿ ಒಡೀತಿದೆಯಾ? ಹೊಸ ಪೆಡಲ್ ಕೊಳ್ಳೋಕೆ ಮುಂಚೆ ಇದನ್ನು ಓದಿ

ಈ ವಾರದ ಪ್ರಶ್ನೆ ಬೆಳ್ಳಂದೂರಿನಿಂದ. ಬರೆದವರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಆಫೀಸಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸ್ತಾರೆ. ಅವರ ಮಾತಿನಲ್ಲೇ ಕೇಳಿ:

"ಸರ್, ಇನ್ನು ಮೂರು ವಾರಕ್ಕೆ ನಮ್ಮ ಆನ್ಯುಯಲ್ ಡೇ. ನನ್ನದು ಐದು ತಂತಿಯ ಆಕ್ಟಿವ್ ಬೇಸ್. ನೇರವಾಗಿ ಆಂಪಿಗೆ ಹಾಕಿದರೆ ಚೆನ್ನಾಗಿಯೇ ಇರುತ್ತೆ. ಟ್ಯೂನರ್, ಕಂಪ್ರೆಸರ್, ಈಕ್ಯೂ, ಕೋರಸ್ ಅಂತ ನಾಲ್ಕು ಪೆಡಲ್ ಇವೆ. ಕೋರಸ್ ಆನ್ ಮಾಡಿದ ಕೂಡಲೇ ದಪ್ಪ ತಂತಿ ಮೀಟಿದರೆ ಬರ್ರ್ ಅಂತ ಒಡೆದ ಸದ್ದು. ಡಿಸ್ಟಾರ್ಷನ್ ಪೆಡಲ್ ನನ್ನ ಹತ್ರ ಇಲ್ಲವೇ ಇಲ್ಲ! ಕೋರಸ್ ಕೆಟ್ಟಿದೆ, ಅದನ್ನ ಮಾರಿ ಬೇಸಿಗೆ ಅಂತಲೇ ಬರೋ ಹೊಸದು ತಗೋ ಅಂತಾನೆ ನಮ್ಮ ಗಿಟಾರಿಸ್ಟ್. ಹದಿನಾಲ್ಕು ಸಾವಿರ ಆಗುತ್ತೆ. ತಗೊಳ್ಳಲಾ? ಆ ಡಬ್ಬಿಗಳಿಗೆ ಇನ್ನೂ ಎಷ್ಟು ಸುರೀತೀಯೋ ಅಂತ ಅಮ್ಮ ಆಗಲೇ ಶುರು ಮಾಡಿದ್ದಾರೆ."

ಸದ್ಯಕ್ಕೆ ತಗೋಬೇಡಿ. ಅಮ್ಮನಿಗೆ ಹೆದರಿ ಅಂತಲ್ಲ, ಕೋರಸ್ ಮೇಲೆ ಇನ್ನೂ ಸರಿಯಾದ ಸಾಕ್ಷಿ ಸಿಕ್ಕಿಲ್ಲ. ಪೆಡಲ್‌ಗಳ ಸಾಲಿನಲ್ಲಿ ಒಡಕು ಎಲ್ಲಿ ಕೇಳಿಸುತ್ತೋ ಅಲ್ಲೇ ಹುಟ್ಟಿರುತ್ತೆ ಅಂತ ಹೇಳೋಕಾಗಲ್ಲ. ಬಹಳ ಸಲ ಹಿಂದಿರೋ ಪೆಡಲ್ ತಳ್ಳಿರುತ್ತೆ, ಮುಂದಿರೋದು ಬೈಗುಳ ತಿನ್ನುತ್ತೆ.

ಯಾಕೆ ಅಂತ ಅರ್ಥ ಆಗೋಕೆ ಮಲೆನಾಡಿನ ಹಳೇ ಮನೆಗಳ ಬಾಗಿಲು ನೆನಪಿಸಿಕೊಳ್ಳಿ. ಎತ್ತರದವರು ಬಗ್ಗದೆ ನುಗ್ಗಿದರೆ ಹಣೆಗೆ ಪೆಟ್ಟು ಗ್ಯಾರಂಟಿ. ಪೆಡಲ್ ಒಳಗೂ ಅಂಥದ್ದೇ ಒಂದು ಬಾಗಿಲಿದೆ. ಬಹುಪಾಲು ಪೆಡಲ್‌ಗಳು 9 ವೋಲ್ಟಿನಲ್ಲಿ ಓಡುತ್ತವೆ. ಅಂದರೆ ಒಳಗೆ ಹೋಗೋ ಸಿಗ್ನಲ್ಲಿನ ಅಲೆ, ಕೆಳತುದಿಯಿಂದ ಮೇಲ್ತುದಿವರೆಗೆ, 9 ವೋಲ್ಟ್ ದಾಟೋ ಹಾಗಿಲ್ಲ. ಮೇಲೊಂದಿಷ್ಟು ಕೆಳಗೊಂದಿಷ್ಟು ಸರ್ಕ್ಯೂಟೇ ನುಂಗಿಕೊಳ್ಳೋದರಿಂದ ನಿಜವಾಗಿ ಸಿಗೋ ಜಾಗ ಇನ್ನೂ ಕಮ್ಮಿ. ಅದಕ್ಕಿಂತ ಎತ್ತರದ ಅಲೆ ಬಂದರೆ ತಲೆ ಕತ್ತರಿಸಿ ಹೋಗುತ್ತೆ. ದುಂಡಗಿದ್ದ ಅಲೆ ಚಪ್ಪಟೆ ಆಗುತ್ತೆ, ಅದೇ ನಿಮ್ಮ ಕಿವಿಗೆ ಬರ್ರ್. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ತಲೆ ತಗಲದ ಹಾಗೆ ಮೇಲೆ ಉಳಿಯೋ ಜಾಗಕ್ಕೆ ಹೆಡ್‌ರೂಮ್ ಅಂತಾರೆ.

ಗಿಟಾರಿಗೆ ಇಷ್ಟೊಂದು ತೊಂದರೆ ಇಲ್ಲ, ಬೇಸಿಗೆ ಮಾತ್ರ ಯಾಕೆ? ಬೇಸ್ ಎತ್ತರದ ಆಳು. ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ನಾಲ್ಕು ತಂತಿ ಬೇಸಿನದು ಅದರ ಅರ್ಧ, 41 ಸಲ. ಐದನೇ ತಂತಿ ಇದ್ದರೆ ಸುಮಾರು 31ಕ್ಕೆ ಇಳಿಯುತ್ತೆ. ದಪ್ಪ ತಂತಿ, ದೊಡ್ಡ ಅಲೆ. ಆಕ್ಟಿವ್ ಬೇಸ್ ಆದರೆ ಒಳಗೇ ಬ್ಯಾಟರಿಯಿಂದ ಓಡೋ ಪ್ರಿಆಂಪ್ ಕೂತು ಸಿಗ್ನಲ್ಲನ್ನು ಇನ್ನಷ್ಟು ಏರಿಸಿ ಕಳಿಸುತ್ತೆ. ಹೆಬ್ಬೆರಳಿನಿಂದ ಸ್ಲ್ಯಾಪ್ ಮಾಡಿದರೆ ಮೊದಲ ಏಟು ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ. ಗಿಟಾರಿನ ಅಳತೆಗೆ ಮಾಡಿದ ಬಾಗಿಲಲ್ಲಿ ಇದೆಲ್ಲ ಒಟ್ಟಿಗೆ ನುಗ್ಗುತ್ತೆ.

ಅಂದ ಹಾಗೆ, ಜಗತ್ತಿನ ಮೊದಲ ಫಜ್ ಪೆಡಲ್ ಹುಟ್ಟಿದ್ದೂ ಹೀಗೆ ಬೇಡದೆ ಬಂದ ಒಂದು ಒಡಕಿನಿಂದಲೇ, ಅದೂ ಬೇಸಿನ ಮೇಲೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡು ರೆಕಾರ್ಡ್ ಆಗ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸಿದ ಆರು ತಂತಿ ಬೇಸಿನ ಸದ್ದು ಸ್ಟುಡಿಯೋ ಮಿಕ್ಸರಿನ ಕೆಟ್ಟ ಚಾನೆಲ್ ಒಂದರ ಮೂಲಕ ಹೋಗಿ ಗೊರಗೊರ ಅಂತು. ಅದನ್ನು ತೆಗೆಯದೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಹಿಟ್ ಆಯ್ತು. ಆ ಸದ್ದು ನಮಗೂ ಬೇಕು ಅಂತ ಜನ ಕೇಳತೊಡಗಿದಾಗ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನೇ ಕೊಡೋ ಸರ್ಕ್ಯೂಟ್ ಮಾಡಿದರು. 1962ರಲ್ಲಿ ಅದು ಮೇಸ್ಟ್ರೋ ಫಜ್ ಟೋನ್ ಅನ್ನೋ ಹೆಸರಲ್ಲಿ ಪೆಡಲ್ ಆಗಿ ಅಂಗಡಿಗೆ ಬಂತು. ನಿಮ್ಮ ಆನ್ಯುಯಲ್ ಡೇಯಲ್ಲಿ ಅಷ್ಟು ಅದೃಷ್ಟ ಖುಲಾಯಿಸೋದು ಅನುಮಾನ, ಹಾಗಾಗಿ ನಾವು ಒಡಕು ಹುಡುಕೋಣ.

ಮೊದಲು ಕಿವಿ ಕೊಡಿ

ಒಡಕು ಅನ್ನೋ ಒಂದೇ ಮಾತಿನಲ್ಲಿ ಜನ ನಾಲ್ಕೈದು ಬೇರೆ ಬೇರೆ ಕಾಯಿಲೆ ಹೇಳ್ತಾರೆ. ಕೇಬಲ್ ತೆಗೆದು, ಬರೀ ಬೇಸನ್ನು ತೊಡೆ ಮೇಲಿಟ್ಟುಕೊಂಡು ಮೀಟಿ. ಆಗಲೂ ಜರ್ರ್ ಅಂದರೆ ತಂತಿ ಫ್ರೆಟ್ಟಿಗೆ ತಗಲ್ತಿದೆ, ಪೆಡಲ್‌ಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಏನೂ ನುಡಿಸದೇ ಇರೋವಾಗಲೂ ಗುಂಯ್ ಅನ್ನುತ್ತಿದ್ದರೆ ಅದು ಹಮ್: ಅರ್ಥಿಂಗ್, ಅಡಾಪ್ಟರ್, ಕೇಬಲ್ ಈ ಕಡೆಯ ವ್ಯವಹಾರ. ಕರೆಂಟ್ ಹೋದಾಗ ಮಾತ್ರ ಗುಂಯ್ ಜಾಸ್ತಿ ಆದರೆ ನಿಮ್ಮ ಮನೆ ಯುಪಿಎಸ್ ಸ್ಕ್ವೇರ್ ವೇವ್ ಇರಬಹುದು. ಕೇಬಲ್ ಅಲ್ಲಾಡಿಸಿದಾಗ ಚಟಪಟ ಅಂದರೆ ಬೆಸುಗೆ ಬಿಟ್ಟಿದೆ. ಆಕ್ಟೇವ್ ಪೆಡಲ್ ಇದ್ದವರು ತೀರಾ ತಗ್ಗಿನ ಸ್ವರಗಳಲ್ಲಿ ಗುಳುಗುಳು ಅಂತ ತಡವರಿಸೋದನ್ನು ಒಡಕು ಅಂದುಕೊಳ್ತಾರೆ. ಅದು ಪೆಡಲ್ಲಿಗೆ ಸ್ವರ ಯಾವುದು ಅಂತ ಗುರುತು ಹಿಡಿಯೋಕೆ ಆಗದೆ ಆಗೋದು. ಸ್ವಲ್ಪ ಮೇಲಿನ ಫ್ರೆಟ್ಟಿನಲ್ಲಿ ನುಡಿಸಿದರೆ ಸರಿಹೋಗುತ್ತೆ.

ಕ್ಲಿಪ್ಪಿಂಗಿನ ಗುರುತು ಬೇರೆ. ಜೋರಾಗಿ ಮೀಟಿದಾಗ ಸ್ವರದ ಆರಂಭದಲ್ಲಿ ಒಡೆಯುತ್ತೆ, ಸ್ವರ ಇಳೀತಾ ಹೋದ ಹಾಗೆ ಸ್ವಚ್ಛ ಆಗುತ್ತೆ. ಮೆಲ್ಲಗೆ ಮೀಟಿದರೆ ಬರೋದೇ ಇಲ್ಲ. ಬೆಳ್ಳಂದೂರಿನ ಓದುಗರಿಗೆ ಇದನ್ನೇ ಕೇಳಿದೆ. "ಹೂಂ ಸರ್, ಕರೆಕ್ಟಾಗಿ ಹಾಗೇ" ಅಂದರು.

ಈಗ ಒಂದು ಸಣ್ಣ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾಕೋ ಜನ ಇದನ್ನು ಮಾಡೋದೇ ಇಲ್ಲ. ಬೇಸಿನ ವಾಲ್ಯೂಮ್ ನಾಬನ್ನು ಅರ್ಧಕ್ಕೆ ಇಳಿಸಿ. ಸದ್ದು ಕಮ್ಮಿ ಆಯ್ತಲ್ಲ, ಅಷ್ಟನ್ನು ಆಂಪಿನ ಮಾಸ್ಟರ್ ಏರಿಸಿ ಸರಿದೂಗಿಸಿ. ರೂಮಿನಲ್ಲಿ ಕೇಳೋ ಸದ್ದು ಮೊದಲಿನಷ್ಟೇ ಜೋರಾಗಿರಬೇಕು. ಈಗ ಅದೇ ಸಾಲು ನುಡಿಸಿ. ಒಡಕು ಹೋಯ್ತಾ? ಹಾಗಾದರೆ ಮಾಸ್ಟರಿಗಿಂತ ಮುಂಚೆ ಎಲ್ಲೋ, ಅಂದರೆ ಪೆಡಲ್‌ಗಳಲ್ಲಿ ಅಥವಾ ಆಂಪಿನ ಇನ್‌ಪುಟ್ಟಿನಲ್ಲಿ, ತಲೆ ತಗಲ್ತಿತ್ತು. ಅಷ್ಟೇ ಜೋರಿನಲ್ಲಿ ಒಡಕೂ ಹಾಗೇ ಉಳೀತಾ? ಆಗ ಆಂಪಿನ ಕೊನೇ ಭಾಗಕ್ಕೋ ಸ್ಪೀಕರಿಗೋ ಸುಸ್ತಾಗ್ತಿದೆ, ಪೆಡಲ್‌ಗಳನ್ನು ಬಿಟ್ಟುಬಿಡಿ. ಒಂದು ನಿಮಿಷದಲ್ಲಿ ಅರ್ಧ ಊರು ಹುಡುಕಿ ಮುಗೀತು.

ಪೆಡಲ್‌ಗಳ ಕಡೆಗೇ ಬೆರಳು ತೋರಿಸಿದರೆ, ಮುಂದಿನದು ನಿಮಗೆ ಆಫೀಸಿನಲ್ಲೇ ಅಭ್ಯಾಸ ಇದೆ. ಕೋಡಿನಲ್ಲಿ ಬಗ್ ಎಲ್ಲಿ ಬಂತು ಅಂತ ಹುಡುಕೋವಾಗ ಒಂದೊಂದೇ ಸಾಲು ನೋಡಲ್ಲ, ಅರ್ಧಕ್ಕೆ ಕತ್ತರಿಸಿ ನೋಡ್ತೀರಿ ತಾನೆ? ಎಂಟು ಪೆಡಲ್ ಇದ್ದರೆ ಮೊದಲ ನಾಲ್ಕು ಮಾತ್ರ ಆಂಪಿಗೆ ಹಾಕಿ. ಸ್ವಚ್ಛವಾಗಿದ್ದರೆ ಮುಂದಿನ ಎರಡನ್ನು ಸೇರಿಸಿ. ಒಡೆದರೆ ಎರಡಕ್ಕೆ ಇಳಿಸಿ. ಮೂರೇ ಸಲದಲ್ಲಿ ಒಡಕು ಯಾವ ಪೆಡಲ್ಲಿನಲ್ಲಿ ಕಾಣಿಸಿಕೊಳ್ಳುತ್ತೆ ಅಂತ ಗೊತ್ತಾಗುತ್ತೆ. ಆಫ್ ಮಾಡಿ ನೋಡೋದಕ್ಕಿಂತ ಕೇಬಲ್ ಕಿತ್ತು ಸಾಲಿನಿಂದಲೇ ಹೊರಗಿಡೋದು ಒಳ್ಳೇದು. ಎಷ್ಟೋ ಪೆಡಲ್‌ಗಳು ಆಫ್ ಇದ್ದಾಗಲೂ ಸಿಗ್ನಲ್ಲನ್ನು ತಮ್ಮ ಸರ್ಕ್ಯೂಟಿನ ಒಂದು ಭಾಗದ ಮೂಲಕವೇ ಕಳಿಸುತ್ತವೆ.

ಗಮನಿಸಿ, 'ಕಾಣಿಸಿಕೊಳ್ಳುತ್ತೆ' ಅಂದೆ, 'ಕೆಟ್ಟಿದೆ' ಅನ್ನಲಿಲ್ಲ. ಸಿಕ್ಕಿದ ಪೆಡಲ್ ಒಂದನ್ನೇ ಬೇಸಿಗೂ ಆಂಪಿಗೂ ನಡುವೆ ಹಾಕಿ ನುಡಿಸಿ. ಒಂಟಿಯಾಗಿದ್ದಾಗ ಸ್ವಚ್ಛವಾಗಿದ್ದರೆ ಅದು ನಿರಪರಾಧಿ.

ಬೆಳ್ಳಂದೂರಿನ ಕೋರಸ್ ಹಾಗೇ ನಿರಪರಾಧಿ ಅಂತ ತೀರ್ಮಾನ ಆಯ್ತು. ಒಂಟಿಯಾಗಿ ಹಾಕಿದಾಗ ಜೇನಿನ ಹಾಗೆ ಹಾಡಿತಂತೆ. ಮಿಕ್ಕ ನಾಬ್‌ಗಳ ಫೋಟೋ ಕಳಿಸಿ ಅಂದೆ. ಬಂತು. ಬೇಸಿನ ಮೇಲಿರೋ 'ಬೇಸ್' ನಾಬ್ ಸ್ವಲ್ಪ ಏರಿಸಿತ್ತು. ಕಂಪ್ರೆಸರಿನ ಲೆವೆಲ್ ಸ್ವಲ್ಪ ಏರಿಸಿತ್ತು. ಈಕ್ಯೂನಲ್ಲಿ ತಗ್ಗಿನ ಸ್ಲೈಡರ್ ಸ್ವಲ್ಪ ಮೇಲಿತ್ತು, ಒಟ್ಟು ಲೆವೆಲ್ಲಿನ ಸ್ಲೈಡರ್ ಕೂಡ ಸ್ವಲ್ಪ ಮೇಲಿತ್ತು. ಎಲ್ಲ ಕಡೆ 'ಸ್ವಲ್ಪ'ವೇ.

ಆ ಸ್ವಲ್ಪಗಳನ್ನು ಕೂಡಿಸೋಣ. ಒಂದೊಂದೂ 3 ಡೆಸಿಬೆಲ್ ಅಂತಿಟ್ಟುಕೊಳ್ಳಿ, ಕಿವಿಗೆ ಅದು ದೊಡ್ಡದೇನಲ್ಲ. ನಾಲ್ಕು ಕಡೆ ಸೇರಿ 12 ಡೆಸಿಬೆಲ್. 6 ಡೆಸಿಬೆಲ್ ಏರಿದರೆ ವೋಲ್ಟೇಜ್ ಎರಡರಷ್ಟಾಗುತ್ತೆ, 12 ಏರಿದರೆ ನಾಲ್ಕರಷ್ಟು. ಬೇಸಿನಿಂದ ಹೊರಟ ಅಲೆ ತುದಿಯಿಂದ ತುದಿಗೆ 2 ವೋಲ್ಟ್ ಇತ್ತು ಅಂದರೆ, ಕೋರಸ್ ಬಾಗಿಲಿಗೆ ಬರೋಷ್ಟರಲ್ಲಿ ತಗ್ಗಿನ ಸ್ವರಗಳಲ್ಲಿ 8 ವೋಲ್ಟ್. 9 ವೋಲ್ಟಿನ ಪೆಡಲ್ ಒಳಗೆ 8 ವೋಲ್ಟಿನ ಅಲೆ ಬಗ್ಗದೆ ಹೋಗಬೇಕು ಅಂದರೆ ಹಣೆಗೆ ಬೀಳದೆ ಇರುತ್ತಾ? ಅದರಲ್ಲೂ ಹಳೇ ಮಾದರಿಯ ಅನಲಾಗ್ ಕೋರಸ್‌ಗಳಲ್ಲಿ ಸದ್ದನ್ನು ತಡ ಮಾಡಿ ಕಳಿಸೋ ಒಂದು ಚಿಪ್ ಇರುತ್ತೆ, ಅದರ ಬಾಗಿಲು ಇನ್ನೂ ತಗ್ಗು. ಈಕ್ಯೂ ಹೇಗೋ ತಡೆದುಕೊಂಡಿತ್ತು, ಕೋರಸ್ ಕೈಚೆಲ್ಲಿತು.

ಕಂಪ್ರೆಸರ್ ಇದೆಯಲ್ಲ, ಅದು ದೊಡ್ಡ ಅಲೆಗಳನ್ನು ತಗ್ಗಿಸಲ್ವಾ ಅಂತ ಅವರು ಕೇಳಿದರು. ತಗ್ಗಿಸುತ್ತೆ, ಆದರೆ ಎಚ್ಚರ ಆಗೋಕೆ ಅದಕ್ಕೊಂದು ಕ್ಷಣ ಬೇಕು. ಅಟ್ಯಾಕ್ ನಿಧಾನಕ್ಕೆ ಇಟ್ಟಿದ್ದರೆ ಮೊದಲ ಏಟು ಅದರ ಕೈ ತಪ್ಪಿಸಿಕೊಂಡು ಹೋಗುತ್ತೆ. ಅದರ ಮೇಲೆ ಲೆವೆಲ್ ಏರಿಸಿದರೆ ತಪ್ಪಿಸಿಕೊಂಡ ಏಟನ್ನೇ ಇನ್ನೂ ದೊಡ್ಡದು ಮಾಡಿ ಮುಂದಕ್ಕೆ ದೂಡಿದ ಹಾಗೆ.

ಪರಿಹಾರ ಸರಳ. ಒಂದೊಂದು ಪೆಡಲ್ಲನ್ನೂ ಆನ್-ಆಫ್ ಮಾಡುತ್ತಾ ನುಡಿಸಿ, ಎರಡೂ ಸ್ಥಿತಿಯಲ್ಲಿ ಸದ್ದಿನ ಜೋರು ಒಂದೇ ಇರೋ ಹಾಗೆ ಲೆವೆಲ್ ಹೊಂದಿಸಿ. ಜೋರು ಬೇಕಿದ್ದರೆ ಆಂಪಿನಲ್ಲಿ ತಗೊಳ್ಳಿ. ಈಕ್ಯೂನಲ್ಲಿ ತಗ್ಗು ಬೇಕು ಅಂತ ತಗ್ಗನ್ನು ಏರಿಸೋ ಬದಲು ನಡುವಿನ ಸ್ಲೈಡರ್‌ಗಳನ್ನು ಇಳಿಸಿ ನೋಡಿ, ಕಿವಿಗೆ ಫಲ ಹತ್ತಿರ ಹತ್ತಿರ ಅದೇ, ಸಿಗ್ನಲ್ ಮಾತ್ರ ಉಬ್ಬಲ್ಲ. ಬೇಸ್ ಮೇಲಿನ ನಾಬ್ ನಡುವಿಗೆ ತನ್ನಿ. ಎರಡು ದಿನ ಬಿಟ್ಟು ಅವರ ಮೆಸೇಜ್ ಬಂತು: ಒಡಕು ಇಲ್ಲ, ಕೋರಸ್ ಮಾರ್ತಿಲ್ಲ.

ಕರೆಂಟಿನ ಕಥೆ

ಎಲ್ಲರದೂ ಇಷ್ಟು ಸುಲಭಕ್ಕೆ ಮುಗಿಯಲ್ಲ. ಪೆಡಲ್ ಒಂಟಿಯಾಗಿದ್ದಾಗಲೂ ಒಡೆದರೆ ಮೊದಲು ಅದು ತಿನ್ನೋ ಕರೆಂಟ್ ನೋಡಿ.

ಬೇಸಿನಿಂದಲೇ ಶುರು ಮಾಡೋಣ. ಆಕ್ಟಿವ್ ಬೇಸಿನ ಹಿಂಭಾಗದಲ್ಲಿ ಒಂದು ಚೌಕದ 9 ವೋಲ್ಟ್ ಬ್ಯಾಟರಿ ಇರುತ್ತೆ, ಕೆಲವದರಲ್ಲಿ ಎರಡು. ಅದು ಇಳಿದ ಹಾಗೆ ಬೇಸ್ ಒಳಗಿನ ಬಾಗಿಲೂ ತಗ್ಗುತ್ತೆ, ಪೆಡಲ್ ಇಲ್ಲದೇನೂ ಒಡೆಯುತ್ತೆ. ಬೇಸಿನಲ್ಲಿ ಆಕ್ಟಿವ್-ಪ್ಯಾಸಿವ್ ಸ್ವಿಚ್ ಇದ್ದರೆ ಪ್ಯಾಸಿವ್‌ಗೆ ಹಾಕಿ ನೋಡಿ, ಸ್ವಚ್ಛ ಆದರೆ ಬ್ಯಾಟರಿ ಮೇಲೇ ಅನುಮಾನ. ಹೊಸ ಆಲ್ಕಲೈನ್ ಬ್ಯಾಟರಿ ಮಲ್ಟಿಮೀಟರಿನಲ್ಲಿ 9ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತೆ. 8ರ ಕೆಳಗೆ ಇಳಿದಿದ್ದರೆ ನಾನಾದರೆ ಶೋ ದಿನ ಅದನ್ನು ನಂಬಲ್ಲ. ರೀಚಾರ್ಜ್ ಆಗೋ '9 ವೋಲ್ಟ್' ಬ್ಯಾಟರಿಗಳಲ್ಲಿ ಎಷ್ಟೋ ನಿಜಕ್ಕೂ 8.4 ಅಥವಾ 7.2 ವೋಲ್ಟಿನವು, ಮೈಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಇನ್ನೊಂದು ವಿಷಯ: ಹೆಚ್ಚಿನ ಆಕ್ಟಿವ್ ಬೇಸ್‌ಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಆನ್ ಆಗುತ್ತೆ. ರಾತ್ರಿಯಿಡೀ ಕೇಬಲ್ ಹಾಗೇ ಬಿಟ್ಟರೆ ಮೂಲೆಯಲ್ಲಿ ನಿಂತೇ ಬ್ಯಾಟರಿ ಖಾಲಿ.

ಪೆಡಲ್‌ಗಳಿಗೆ ಬಂದರೆ, ಒಂದು ಅಡಾಪ್ಟರಿನಿಂದ ಸರಮಾಲೆ ವೈರ್ ಹಾಕಿ ಐದಾರು ಪೆಡಲ್ ಓಡಿಸೋದು ಎಲ್ಲರ ಮನೆಯಲ್ಲೂ ಇದೆ. ತಪ್ಪೇನಲ್ಲ, ಆದರೆ ಲೆಕ್ಕ ಹಾಕಿ. ಒಂದು ಸಾದಾ ಅನಲಾಗ್ ಪೆಡಲ್ ಹತ್ತು-ಇಪ್ಪತ್ತು ಮಿಲಿಆಂಪ್ ತಿಂದರೆ ಡಿಜಿಟಲ್ ರಿವರ್ಬ್ ಅಥವಾ ಮಲ್ಟಿ ಎಫೆಕ್ಟ್ 100ರಿಂದ 300, ಕೆಲವು ಇನ್ನೂ ಜಾಸ್ತಿ ಕೇಳುತ್ತವೆ. ಎಲ್ಲ ಪೆಡಲ್ಲಿನ ಅಂಕಿಗಳನ್ನು ಕೂಡಿಸಿ. ಮೊತ್ತ ಅಡಾಪ್ಟರಿನ ಮೇಲೆ ಬರೆದಿರೋ ಅಂಕಿಗಿಂತ ಸಾಕಷ್ಟು ಕಮ್ಮಿ ಇರಬೇಕು. ಸಾಲದಿದ್ದರೆ ವೋಲ್ಟೇಜ್ ಕುಸಿಯುತ್ತೆ, ಬಾಗಿಲು ತಗ್ಗುತ್ತೆ, ಮತ್ತೆ ಅದೇ ಬರ್ರ್. ಡಿಜಿಟಲ್ ಪೆಡಲ್ಲನ್ನು ಸರಮಾಲೆಗೆ ಸೇರಿಸಿದಾಗ ಮಾತ್ರ ಕೀಂಯ್ ಅನ್ನೋ ಸಣ್ಣ ಸದ್ದು ಬಂದರೆ ಅದಕ್ಕೊಂದು ಬೇರೆ ಅಡಾಪ್ಟರ್ ಕೊಡಿ. ಹಣ ಹಾಕಲೇಬೇಕು ಅಂತ ಕೈ ತುರಿಸ್ತಿದ್ದರೆ, ಒಂದೊಂದು ಪೆಡಲ್ಲಿಗೂ ಪ್ರತ್ಯೇಕ ಔಟ್‌ಪುಟ್ ಇರೋ ಐಸೊಲೇಟೆಡ್ ಪವರ್ ಸಪ್ಲೈ ಮೇಲೆ ಹಾಕಿ. ಐದನೇ ಪೆಡಲ್ಲಿಗಿಂತ ಅದು ಉಪಯೋಗಕ್ಕೆ ಬರುತ್ತೆ.

ಅಡಾಪ್ಟರ್ ವಿಷಯದಲ್ಲಿ ನಮ್ಮ ಮನೆಗಳ ಎರಡು ಅಪಾಯ ಹೇಳಲೇಬೇಕು. ಒಂದು, ವೈಫೈ ರೂಟರಿನ ಅಡಾಪ್ಟರ್. ಪಿನ್ ಸರಿಯಾಗಿ ಕೂರುತ್ತೆ ಅಂತ ಪೆಡಲ್ಲಿಗೆ ಚುಚ್ಚಬೇಡಿ. ರೂಟರಿನವು ಸಾಮಾನ್ಯವಾಗಿ 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ಪೆಡಲ್‌ಗಳಿಗೆ ಬಹುತೇಕ 9 ವೋಲ್ಟ್, ನಡುವೆ ಮೈನಸ್. ಉಲ್ಟಾ ಕೊಟ್ಟರೆ ಪೆಡಲ್ ಸುಟ್ಟೇ ಹೋಗಬಹುದು. ಎರಡು, ಅಮೆರಿಕದಿಂದ ಅಣ್ಣನೋ ಅತ್ತಿಗೆಯೋ ತಂದುಕೊಟ್ಟ ಪೆಡಲ್ಲಿನ ಜೊತೆ ಬರೋ ಅಡಾಪ್ಟರ್. ಅದರ ಮೇಲೆ 100–240 ವೋಲ್ಟ್ ಅಂತ ಇದ್ದರೆ ಸರಿ. ಬರೀ 120 ಅಂತಿದ್ದರೆ ನಮ್ಮ 230 ವೋಲ್ಟಿನ ಗೋಡೆಗೆ ಚುಚ್ಚಲೇಬೇಡಿ. ಹೆಡ್‌ರೂಮ್ ಜಾಸ್ತಿ ಆಗುತ್ತೆ ಅಂತ 9ರ ಪೆಡಲ್ಲಿಗೆ 18 ವೋಲ್ಟ್ ಕೊಡೋ ಸಲಹೆಯೂ ಓಡಾಡ್ತಿದೆ. ತಯಾರಕರು 18 ಕೊಡಬಹುದು ಅಂತ ಬರೆದಿದ್ದರೆ ಕೊಡಿ, ನಿಜಕ್ಕೂ ಫಲ ಸಿಗುತ್ತೆ. ಬರೆದಿಲ್ಲವೋ, ಮುಟ್ಟಬೇಡಿ.

ಆಂಪ್ ಮತ್ತು ಸ್ಪೀಕರ್

ವಾಲ್ಯೂಮ್ ಪರೀಕ್ಷೆಯಲ್ಲಿ ಒಡಕು ಹಾಗೇ ಉಳಿದವರಿಗೆ ಈ ಮಾತು. ಮನೆಯಲ್ಲಿ ಇಟ್ಟುಕೊಳ್ಳೋ ಹತ್ತು-ಹದಿನೈದು ವಾಟಿನ ಆಂಪಿನ ಪುಟ್ಟ ಸ್ಪೀಕರಿಗೆ 31 ಕಂಪನದ ತಂತಿ ಹಾಡು ಅಂದರೆ ಅದು ಹಾಡಲ್ಲ, ಕೆಮ್ಮುತ್ತೆ. ಜಾಮ್ ರೂಮಿನಲ್ಲಿ ಬೇಸ್ ಆಂಪ್ ಖಾಲಿ ಇಲ್ಲ ಅಂತ ಗಿಟಾರ್ ಆಂಪಿಗೆ ಹಾಕಿ ಜೋರು ಮಾಡೋರೂ ಇದ್ದಾರೆ. ಮೆಲ್ಲಗೆ ನುಡಿಸಿದರೆ ಪರವಾಗಿಲ್ಲ. ಒಡೆದ ಸದ್ದನ್ನೇ ಜೋರಾಗಿ ಬಹಳ ಹೊತ್ತು ನುಡಿಸಿದರೆ ಸ್ಪೀಕರಿನ ಕಾಯಿಲ್ ಬಿಸಿಯಾಗಿ ಹಾಳಾಗಬಹುದು, ಕೋನ್ ಹರೀಬಹುದು. ಆಗ ಬರೋ ಬಿಲ್ಲಿನ ಮುಂದೆ ಹದಿನಾಲ್ಕು ಸಾವಿರ ಚಿಕ್ಕದಾಗಿ ಕಾಣಿಸೋ ಸಾಧ್ಯತೆಯೂ ಇದೆ.

ಬೇಸ್ ಆಂಪಿನ ಮುಂಭಾಗದಲ್ಲಿ 'ಆಕ್ಟಿವ್' ಅಂತ ಅಥವಾ ಮೈನಸ್ ಹತ್ತು-ಹದಿನೈದು ಡೆಸಿಬೆಲ್ ಅಂತ ಬರೆದ ಒಂದು ಬಟನ್ನೋ ಎರಡನೇ ಇನ್‌ಪುಟ್ಟೋ ಇರುತ್ತೆ. ಆಕ್ಟಿವ್ ಬೇಸ್ ಮತ್ತು ಪೆಡಲ್‌ಗಳ ಜೋರು ಸಿಗ್ನಲ್ಲಿಗೆ ಅಂತಲೇ ಇಟ್ಟಿರೋದು ಅದು. ಗೇಯ್ನ್ ನಾಬಿನ ಪಕ್ಕದ ಕೆಂಪು ದೀಪ ಅತಿ ಜೋರಾದ ಏಟಿಗೆ ಅಪರೂಪಕ್ಕೆ ಮಿನುಗಿದರೆ ಸಾಕು, ಸದಾ ಉರೀತಿದ್ದರೆ ಗೇಯ್ನ್ ಇಳಿಸಿ ಮಾಸ್ಟರ್ ಏರಿಸಿ.

ಆಂಪಿನ ಸುತ್ತ ಏನಿದೆ ಅಂತಲೂ ನೋಡಿ. ಒಂದೇ ಒಂದು ಸ್ವರಕ್ಕೆ ಮಾತ್ರ ಜರ್ರ್ ಅಂದರೆ ಅದು ಶೋಕೇಸಿನ ಗಾಜೋ, ಕಿಟಕಿಯ ಚಿಲಕವೋ, ಅಡುಗೆಮನೆ ಶೆಲ್ಫಿನ ಸ್ಟೀಲ್ ಡಬ್ಬಿಯೋ ಆಗಿರಬಹುದು. ಅದಕ್ಕೆ ಅಮ್ಮನನ್ನು ಕೇಳಿ, ಯಾವ ಡಬ್ಬಿ ಅಂತ ಅವರಿಗೆ ಖಂಡಿತ ಗೊತ್ತಿರುತ್ತೆ.

ರೂಮಿನಲ್ಲಿ ಚೆನ್ನಾಗಿದ್ದು ಮೊಬೈಲ್ ವಿಡಿಯೋದಲ್ಲಿ ಮಾತ್ರ ಒಡೆದರೆ ಫೋನಿನ ಮೈಕಿಗೆ ಜೋರು ತಡೀತಿಲ್ಲ ಅಷ್ಟೆ, ಫೋನನ್ನು ದೂರ ಇಡಿ. ಲ್ಯಾಪ್‌ಟಾಪಿಗೆ ಆಡಿಯೋ ಇಂಟರ್‌ಫೇಸ್ ಮೂಲಕ ರೆಕಾರ್ಡ್ ಮಾಡೋರು ಬೇಸನ್ನು ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೆ ಹಾಕಿ, ಅತಿ ಜೋರಿನ ಏಟು ಮೀಟರಿನಲ್ಲಿ ಮೈನಸ್ 12ರ ಆಸುಪಾಸು ಇರೋ ಹಾಗೆ ಗೇಯ್ನ್ ಇಡಿ. ಪೆಡಲ್‌ಗಳೆಲ್ಲ ಆನ್ ಇಟ್ಟೇ ಈ ಅಳತೆ ಮಾಡಿ. ರೆಕಾರ್ಡಿಂಗಿನಲ್ಲಿ ಒಡೆದದ್ದನ್ನು ಆಮೇಲೆ ಪೂರ್ತಿ ಸರಿಮಾಡೋಕೆ ಆಗಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಪೆಡಲ್, ಒಂಟಿಯಾಗಿ, ಸರಿಯಾದ ಅಡಾಪ್ಟರಿನಲ್ಲಿ, ಬೇಸಿನ ವಾಲ್ಯೂಮ್ ಅರ್ಧಕ್ಕಿದ್ದಾಗಲೂ ಒಡೆದರೆ ಆಗ ಅದು ನಿಜವಾಗಿಯೂ ಕೆಟ್ಟಿದೆ. ವಾರಂಟಿ ಇದ್ದರೆ ಅಂಗಡಿಗೆ, ಇಲ್ಲದಿದ್ದರೆ ಆಂಪ್ ರಿಪೇರಿ ಮಾಡುವವರ ಹತ್ತಿರ ಕೊಂಡುಹೋಗಿ. ಕೊಡುವಾಗ ಬರೀ 'ಸೌಂಡ್ ಸರಿ ಇಲ್ಲ' ಅನ್ನಬೇಡಿ, ಮೇಲೆ ಹೇಳಿದ ಮೂರೂ ವಿಷಯ ಚೀಟಿಯಲ್ಲಿ ಬರೆದು ಕೊಡಿ. ಹುಡುಕೋ ಕೂಲಿ ಅರ್ಧ ಉಳಿಯುತ್ತೆ.